ಷಷ್ಠಿಯ ದಿನದ ಕಾಫಿ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ದಂಪತಿ ಓದಿ ಒಪ್ಪಿದ ಮೇಲೆಯೇ ಪ್ರಕಟಿಸುತ್ತಿರುವುದು.)

ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭದಲ್ಲಿ ಇಡುವ ಚಿಕಿತ್ಸೆ) ಕೈಕೊಟ್ಟ ಮೇಲೆ ಆಪ್ತಸಲಹೆಗಾರಳಾದ ನನ್ನ ಹತ್ತಿರ ಬರುವ ಹೆಣ್ಣುಮಕ್ಕಳು ಡಾಕ್ಟರನ್ನು ಬೈದು ಮುಗಿಸಿ, ಸಾಲದ ಕಂತು ಹೇಳಿ ಮುಗಿಸಿ, ಕೊನೆಗೆ ದನಿ ತಗ್ಗಿಸಿ ಒಂದು ಮಾತು ಆಡುತ್ತಾರೆ: "ನನ್ನಿಂದಲೇ ಏನೋ ತಪ್ಪಾಗಿದೆ ಮೇಡಂ." ಏನು ತಪ್ಪು ಎಂದರೆ ಪಟ್ಟಿ ಹೊರಗೆ ಬರುತ್ತದೆ. ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸಿ ಅಂದಿದ್ದರು, ದುಡ್ಡು ಹೊಂದದೆ ಆಶ್ಲೇಷಾ ಬಲಿಯಲ್ಲಿ ಮುಗಿಸಿದೆವು. ಘಾಟಿಯಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸುವುದು ತಡವಾಯಿತು. ವಿವೇಕನಗರದ ಬಾಲಯೇಸುವಿನ ಚರ್ಚಿನ ನೊವೇನಾ ಪ್ರಾರ್ಥನೆಯಲ್ಲಿ ಒಂದು ಗುರುವಾರ ತಪ್ಪಿತು ಎಂದು ಅತ್ತವರೂ ಇದ್ದಾರೆ. ಊರು ಬೇರೆ, ಧರ್ಮ ಬೇರೆ, ಅಳು ಮಾತ್ರ ಒಂದೇ. ಇದು ಮತ್ತೆ ಮತ್ತೆ ಎದುರಾಗುತ್ತಿರುವುದರಿಂದ ಒಂದು ಪ್ರಕರಣವನ್ನು ಬರೆದೇ ಬಿಡೋಣ ಅನ್ನಿಸಿತು.

ಆಕೆಗೆ ಮೂವತ್ತಾರು ದಾಟಿತ್ತು. ಮಂಡ್ಯ ಕಡೆಯವರು, ಬೆಂಗಳೂರಿನಲ್ಲಿ ಬಾಡಿಗೆ ಮನೆ. ಗಂಡ ಮಿತಭಾಷಿ, ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಎರಡು ಸಲ ಭ್ರೂಣ ಇಡಿಸಿಕೊಂಡು ಎರಡೂ ಸಲ ನಿಂತಿರಲಿಲ್ಲ. ಚನ್ನಪಟ್ಟಣದ ಹತ್ತಿರ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲ ಹರಕೆ ಹೊತ್ತಿದ್ದವರು ಅತ್ತೆ. ಷಷ್ಠಿ ಉಪವಾಸ ಹೇಳಿದವರು ಜ್ಯೋತಿಷಿ. ಎರಡನ್ನೂ ಬೆನ್ನಮೇಲೆ ಹೊತ್ತು ನಡೆದವಳು ಈಕೆ. ಎರಡನೆಯ ಸಲ ರಿಪೋರ್ಟ್ ಬಂದ ದಿನದಿಂದ ದೇವರ ದೀಪ ಹಚ್ಚುವುದನ್ನೇ ಬಿಟ್ಟಿದ್ದರು. ಅತ್ತೆಗೆ ಅದು ಅಪಶಕುನ. ನನ್ನ ಹತ್ತಿರ ಕಳಿಸಿದ್ದೂ ಅತ್ತೆಯೇ, "ದೇವರ ಮೇಲೆ ನಂಬಿಕೆ ಬರೋ ಹಾಗೆ ಬುದ್ಧಿ ಹೇಳಿ" ಅಂತ.

ಮೊದಲ ಭೇಟಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ನಿದ್ರೆ ಬರುತ್ತಿರಲಿಲ್ಲ, ನಾದಿನಿಯ ಸೀಮಂತಕ್ಕೆ ಹೋಗಲು ಮನಸ್ಸಿರಲಿಲ್ಲ, ಅದನ್ನೆಲ್ಲ ಮಾತಾಡಿದೆವು. ಗಂಡನೂ ಜೊತೆಗೆ ಬಂದ ದಿನ ವಿಷಯ ಹೊರಬಿತ್ತು.

ಅಂದು ನಾನು ಕೇಳಿದ್ದು ಸಣ್ಣ ಪ್ರಶ್ನೆ: "ದೀಪ ಹಚ್ಚೋಕೆ ಹೋದಾಗ ಏನು ನೆನಪಾಗುತ್ತೆ?"

ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಕಾಫಿ."

ಭ್ರೂಣ ಇಟ್ಟ ಮೇಲೆ ಸುಮಾರು ಎರಡು ವಾರ ಕಾಯಬೇಕು, ಆಮೇಲೆ ರಕ್ತಪರೀಕ್ಷೆ. ಆ ನಡುವೆ ಒಂದು ಷಷ್ಠಿ ಬಂದಿತ್ತು. ಡಾಕ್ಟರು ಉಪವಾಸ ಬೇಡ ಅಂದಿದ್ದರೂ ಈಕೆ ಸಂಜೆಯ ಪೂಜೆಯವರೆಗೆ ಏನೂ ಮುಟ್ಟಬಾರದು ಎಂದು ಕೂತಿದ್ದರು. ಮಧ್ಯಾಹ್ನ ತಲೆ ಸುತ್ತಿತು. ಗಂಡ ಕಾಫಿ ಮಾಡಿ ತಂದು ಕುಡಿಸಿದ್ದರು. "ಅವತ್ತೇ ಹೋಯ್ತು ಮೇಡಂ. ನನಗೆ ಗೊತ್ತಾಯ್ತು. ಲೋಟ ಕೆಳಗಿಟ್ಟಾಗಲೇ ಗೊತ್ತಾಯ್ತು."

ಗಂಡ ಅದುವರೆಗೆ ಕಿಟಕಿಯ ಕಡೆ ನೋಡುತ್ತಿದ್ದವರು ತಿರುಗಿದರು. ಮುಖ ಕೆಂಪಾಗಿತ್ತು. "ಇಷ್ಟು ದಿನ ಇದನ್ನ ಇಟ್ಕೊಂಡಿದ್ಯಾ? ನಾನು ಕೊಟ್ಟ ಕಾಫಿನಾ?" ಆಮೇಲೆ ನನ್ನ ಕಡೆ ನೋಡಿ ಹೇಳಿದರು: "ಮೇಡಂ, ತಲೆ ಸುತ್ತಿ ಬಿದ್ದೋಳು ಒಂದು ಲೋಟ ಕಾಫಿ ಕುಡಿದ್ಲು ಅಂತ ಮಗು ಕಿತ್ಕೊಳ್ಳೋ ದೇವರಾದ್ರೆ, ಅವನು ಕೊಟ್ಟ ಮಗುನ ಸಾಕೋಕೂ ನನಗೆ ಭಯ. ಜ್ವರ ಬಂದಾಗೆಲ್ಲ ಯಾವ ತಪ್ಪಿಗೋ ಅಂತ ಹುಡುಕ್ತಾ ಕೂತ್ಕೋಬೇಕಾ? ನಮ್ಮಜ್ಜಿ ತೋರಿಸ್ಕೊಟ್ಟ ದೇವರು ಅಂಥೋನಲ್ಲ."

ಆಕೆ ಜೋರಾಗಿ ಅತ್ತರು. ಮಧ್ಯೆ ಒಮ್ಮೆ ತಲೆ ಎತ್ತಿ ಕೇಳಿದರು: "ಹಾಗಾದ್ರೆ ಯಾಕೆ ಹೋಯ್ತು?"

ಇದಕ್ಕೆ ಆಪ್ತಸಲಹೆಗಾರಳಾಗಿ ನನ್ನ ಬಳಿ ಇದ್ದದ್ದು ವೈದ್ಯಕೀಯ ಉತ್ತರ ಮಾತ್ರ, ಅದನ್ನೇ ಕೊಟ್ಟೆ. ಭ್ರೂಣ ನಿಲ್ಲದಿರುವುದಕ್ಕೆ ಬಹಳ ಸಲ ಕಾರಣ ಅದರ ವರ್ಣತಂತುಗಳಲ್ಲಿರುವ ದೋಷ, ಹೆಣ್ಣಿನ ವಯಸ್ಸು ಏರಿದಂತೆ ಅದು ಹೆಚ್ಚುತ್ತದೆ. ನಡೆದದ್ದಕ್ಕೆ, ಕೂತದ್ದಕ್ಕೆ, ಮೆಟ್ಟಿಲು ಹತ್ತಿದ್ದಕ್ಕೆ ಹೋಗುವುದಿಲ್ಲ. ಹಾಸಿಗೆ ಬಿಟ್ಟು ಏಳದೆ ಮಲಗಿದರೂ ನಿಲ್ಲುವ ಸಾಧ್ಯತೆ ಹೆಚ್ಚುವುದಿಲ್ಲ. ಒಂದು ಲೋಟ ಕಾಫಿಯ ಕೈಯಲ್ಲಂತೂ ಅಷ್ಟು ಶಕ್ತಿ ಇಲ್ಲ. ದೇವರು ಯಾಕೆ ಹೀಗೆ ಮಾಡಿದ ಎಂಬುದು ನನಗೆ ಗೊತ್ತಿಲ್ಲ, ಗೊತ್ತಿದೆ ಎನ್ನುವವರ ಮಾತು ಸದ್ಯಕ್ಕೆ ಕೇಳಬೇಡಿ ಎಂದೆ.

ಕೊಟ್ಟ ಸಲಹೆ ಇಷ್ಟು. ಮುಂದಿನ ನಿರ್ಧಾರ ಆಗುವವರೆಗೆ ಹೊಸ ಹರಕೆ ಹೊರಬಾರದು, ಮನೆಯವರು ಹೊತ್ತರೆ ಅದನ್ನು ತೀರಿಸುವ ಭಾರ ಅವರದೇ. ದೀಪ ಹಚ್ಚಲು ಮನಸ್ಸು ಬಾರದಿದ್ದರೆ ಹಚ್ಚಬೇಕಿಲ್ಲ. ಆದರೆ ಸಿಟ್ಟನ್ನು ಗಂಡನಿಗೂ ಅತ್ತೆಗೂ ಹಂಚುವ ಬದಲು ದಿನಕ್ಕೊಮ್ಮೆ ದೇವರ ಕೋಣೆಯಲ್ಲೇ ಕೂತು, ದನಿ ಎತ್ತಿಯಾದರೂ ಸರಿ, ಅವನಿಗೇ ಹೇಳಬೇಕು. ಮೂರನೆಯ ಸುತ್ತು ಮಾಡಿಸುವುದಾದರೆ ಶುರುವಾಗುವ ಮೊದಲೇ ಎಲ್ಲಿ ನಿಲ್ಲಿಸುತ್ತೇವೆ ಎಂದು ಇಬ್ಬರೂ ಕೂತು ಬರೆದಿಡಬೇಕು: ಎಷ್ಟು ಸಲ, ಎಷ್ಟು ದುಡ್ಡು. ದತ್ತು ಪಡೆಯುವ ಯೋಚನೆ ಮನಸ್ಸಿನ ಮೂಲೆಯಲ್ಲಿದ್ದರೂ ಈಗಲೇ ಕೇಂದ್ರದ ದತ್ತು ಪ್ರಾಧಿಕಾರವಾದ ಕಾರಾದ ಪೋರ್ಟಲ್ ನೋಡಬೇಕು. ಎರಡು ವರ್ಷದೊಳಗಿನ ಮಗು ಬೇಕೆಂದರೆ ಗಂಡ ಹೆಂಡಿರ ವಯಸ್ಸು ಸೇರಿ 85 ಮೀರಬಾರದೆಂದು 2022ರ ನಿಯಮಾವಳಿ ಹೇಳುತ್ತದೆ. ಇವರಿಬ್ಬರದು ಸೇರಿದರೆ ಆಗಲೇ ಎಂಬತ್ತರ ಹತ್ತಿರ ಇತ್ತು. ದೇವರು ದಾರಿ ತೋರಲಿ ಎಂದು ಕಾಯುವವರಿಗಾಗಿ ಈ ಲೆಕ್ಕ ಕಾಯುವುದಿಲ್ಲ.

ಆಮೇಲೆ ಅತ್ತೆಯ ಫೋನ್ ಬಂತು. "ನಂಬಿಕೆ ಹುಟ್ಟಿಸಿ ಅಂದ್ರೆ ದೇವರ ಜೊತೆ ಜಗಳ ಆಡು ಅಂದ್ರಂತಲ್ಲಮ್ಮ!" ಎಂದರು. ಹೌದಮ್ಮ ಅಂದೆ. ಕೇಳುವವನೊಬ್ಬ ಇದ್ದಾನೆ ಅನ್ನಿಸಿದರೆ ತಾನೇ ಜಗಳ? ಬಾಗಿಲು ಹಾಕಿಕೊಂಡು ಸುಮ್ಮನಾದ ಸೊಸೆಗಿಂತ ಎದುರು ನಿಂತು ಕೇಳುವ ಸೊಸೆ ದೇವರಿಗೆ ಹತ್ತಿರ ಎಂದು ನನ್ನ ಅಭಿಪ್ರಾಯ. ದೇವರನ್ನು ಬೈದು ಹಾಡುವ ನಿಂದಾಸ್ತುತಿಯನ್ನು ನಮ್ಮ ಹರಿದಾಸರು ಭಕ್ತಿಯ ಹೊರಗೆ ಇಡಲಿಲ್ಲ, ನಾನ್ಯಾಕೆ ಇಡಲಿ?

ಸಹೋದ್ಯೋಗಿಗಳ ತಕರಾರು ಬೇರೆ. ಕೌನ್ಸೆಲಿಂಗ್ ಕೋಣೆಗೆ ದೇವರನ್ನು ಯಾಕೆ ತಂದಿರಿ ಎಂದರು. ನಾನು ತಂದಿಲ್ಲ, ಆಕೆಯೇ ಕರೆದುಕೊಂಡು ಬಂದಿದ್ದರು. ನಿಮ್ಮ ದೇವರನ್ನು ಹೊರಗೆ ಕೂರಿಸಿ ಬನ್ನಿ ಎಂದಿದ್ದರೆ ಆ ಕಾಫಿಯ ಮಾತೂ ಹೊರಗೇ ಉಳಿಯುತ್ತಿತ್ತು. ಐವಿಎಫ್ ಕೇಂದ್ರಗಳು ಯಶಸ್ಸಿನ ಸಾಧ್ಯತೆ ತಿಳಿಸಿ ಆಪ್ತಸಲಹೆ ಕೊಡಬೇಕೆಂದು ಇಂಥ ಚಿಕಿತ್ಸೆಗಳಿಗೆಂದೇ ಇರುವ 2021ರ ಕಾಯ್ದೆಯಲ್ಲಿದೆ. ನಾನು ಕೇಳಿಸಿಕೊಂಡಂತೆ ಎಷ್ಟೋ ಕಡೆ ಅದು ಸಹಿ ಹಾಕಿಸುವಲ್ಲಿಗೆ ಮುಗಿಯುತ್ತದೆ. ಅಂಕಿ ಕೇಳಿ ಮನೆಗೆ ಹೋದ ಹೆಣ್ಣು ಆ ಎರಡು ವಾರ ಯಾವುದನ್ನು ಶಕುನ ಅಂದುಕೊಳ್ಳುತ್ತಾಳೆ, ಯಾವುದಕ್ಕೆ ಬೆಚ್ಚುತ್ತಾಳೆ ಎಂದು ಯಾರೂ ವಿಚಾರಿಸುವುದಿಲ್ಲ.

ಒಂದು ಮಾತು ಒತ್ತಿ ಹೇಳುತ್ತೇನೆ. ಹರಕೆ ತಪ್ಪೆಂದು ನಾನು ಹೇಳುತ್ತಿಲ್ಲ. ದೊಡ್ಡಮಳೂರಿನಲ್ಲಿ ಕಟ್ಟಿದ ಪುಟ್ಟ ತೊಟ್ಟಿಲುಗಳನ್ನು ನೋಡಿದ್ದೇನೆ, ಪ್ರತಿಯೊಂದರ ಹಿಂದೆಯೂ ಒಂದು ಮನೆಯ ಆಸೆ ಇದೆ. ಅಲ್ಲಿ ಕೇಳಿಕೊಂಡು, ಉಳಿದದ್ದನ್ನು ಅವನಿಗೇ ಬಿಟ್ಟು ಹಗುರಾಗಿ ಬರುವವರಿಗೆ ನನ್ನ ಸಲಹೆ ಬೇಕಿಲ್ಲ. ಕೇಳಿಕೊಂಡು ಬಂದ ದಿನದಿಂದ ತನ್ನ ಒಂದೊಂದು ನಡೆಯನ್ನೂ ಒರೆಗೆ ಹಚ್ಚಿಕೊಂಡು, ಎಲ್ಲಿ ಎಡವಿದೆ ಎಂದು ರಾತ್ರಿಯಿಡೀ ಹುಡುಕುವವರಿಗೆ ಬೇಕು. ಅವರು ದೇವರಿಗೆ ಬಿಟ್ಟದ್ದು ಏನೂ ಇರುವುದಿಲ್ಲ, ಎಲ್ಲ ಅವರ ತಲೆಮೇಲೇ ಇರುತ್ತದೆ.

ಕೊನೆಗೆ ಮಗು ಆಯಿತಾ ಎಂದು ಕೇಳುತ್ತೀರಿ. ಹೇಳುವುದಿಲ್ಲ, ಅವರೂ ಬೇಡ ಅಂದಿದ್ದಾರೆ. ಆಯಿತು ಎಂದರೆ "ಜಗಳ ಆಡಿದ್ದಕ್ಕೆ ದೇವರು ಒಲಿದ" ಎಂದು ಇನ್ನೊಂದು ವ್ರತ ಹುಟ್ಟಿಕೊಳ್ಳುತ್ತದೆ. ಆಗಲಿಲ್ಲ ಎಂದರೆ "ದೀಪ ಹಚ್ಚಲಿಲ್ಲವಲ್ಲ, ಅದಕ್ಕೇ" ಎನ್ನುವವರು ಅವರ ಬೀದಿಯಲ್ಲೇ ಇದ್ದಾರೆ.