16 ಗೇಜ್ ಶಾಟ್‌ಗನ್ ಯಾಕೆ ಮೂಲೆ ಸೇರಿತು?

ಅಮೆರಿಕದ ಕ್ಲೇ ಶೂಟಿಂಗ್ (ಹಾರುವ ಮಣ್ಣಿನ ಬಿಲ್ಲೆ ಹೊಡೆಯುವ ಆಟ) ರೇಂಜುಗಳಲ್ಲಿ 16 ಗೇಜ್ ಯಾಕೆ ಕಾಣುವುದೇ ಅಪರೂಪ, ಗನ್ನೇ ಸರಿಯಿಲ್ವಾ ಅಂತ ಕೇಳಿದ್ದೀರಿ. ಗನ್ ಚೆನ್ನಾಗೇ ಇದೆ. ಅದನ್ನು ಮೂಲೆಗೆ ತಳ್ಳಿದ್ದರಲ್ಲಿ ಆಟದ ನಿಯಮದ ಪಾಲೇ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ.

ಒಂದು ಪೌಂಡ್ ಸೀಸದಲ್ಲಿ 16 ಸಮ ಗುಂಡು ಮಾಡಿ. ಒಂದು ಗುಂಡು ಸರಿಯಾಗಿ ಕೂರುವ ನಳಿಕೆಯೇ 16 ಗೇಜ್, ಸುಮಾರು 16.8 ಮಿ.ಮೀ. ಕೊಡಗಿನವರಿಗೆ ಚೆನ್ನಾಗಿ ಗೊತ್ತಿರುವ 12 ಬೋರ್, ಅಂದರೆ 12 ಗೇಜ್, ಇದಕ್ಕಿಂತ ದಪ್ಪ, 18.5 ಮಿ.ಮೀ.

ಈಗ ಸ್ಕೀಟ್‌ಗೆ ಬನ್ನಿ, ಅದು ಕ್ಲೇ ಶೂಟಿಂಗ್‌ನ ಒಂದು ಬಗೆ. ಅಮೆರಿಕನ್ ಸ್ಕೀಟ್‌ನಲ್ಲಿ 12, 20, 28 ಮತ್ತು .410ಕ್ಕೆ (ಇದು ಗೇಜ್ ಅಲ್ಲ, ಇಂಚಿನಲ್ಲಿ ನಳಿಕೆಯ ಅಳತೆ) ಬೇರೆಬೇರೆ ಪಂದ್ಯಗಳಿವೆ. 16ಕ್ಕೆ ಇಲ್ಲ. ತಂದರೆ 12ರವರ ಜೊತೆಯೇ ನಿಲ್ಲಬೇಕು. ಗೆಲ್ಲಲು ಬಂದವನಿಗೆ ಅದರಿಂದ ಏನು ಲಾಭ ಹೇಳಿ? 28 ಗೇಜ್ ಇನ್ನೂ ಸಣ್ಣದು. ಆದರೂ ಉಳಿದುಕೊಂಡಿದೆ, ಯಾಕಂದ್ರೆ ಅದಕ್ಕೊಂದು ಪಂದ್ಯ ಇದೆ.

ತೋಟಾ ಕಂಪನಿಗಳೂ ಎರಡು ಕಡೆಯಿಂದ ಹಿಂಡಿದವು. 16ರ ಮಾಮೂಲಿ ತೂಕ ಒಂದು ಔನ್ಸ್ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು), ಅಂದರೆ 28 ಗ್ರಾಂ. ಇವತ್ತು ಅಷ್ಟೇ ಚರೆಯ ತೋಟಾ 12ರಲ್ಲೂ ಸಿಗುತ್ತದೆ, 20ರಲ್ಲೂ ಸಿಗುತ್ತದೆ. ಮೇಲಾಗಿ 1950ರ ದಶಕದಲ್ಲಿ 20 ಗೇಜ್‌ಗೆ ಮೂರು ಇಂಚಿನ ಮ್ಯಾಗ್ನಂ (ಹೆಚ್ಚು ಚರೆ ಹಿಡಿಸುವ ಉದ್ದ ತೋಟಾ) ಬಂತು. '20ರಷ್ಟು ಹಗುರ, 12ರಷ್ಟು ಹೊಡೆತ' ಅಂತ 16ರ ಅಭಿಮಾನಿಗಳು ಹೇಳುತ್ತಿದ್ದರಲ್ಲ, ಆ ಮಾತಿನ ಬಿಸಿ ಆರಿತು. ಖರ್ಚು ಉಳಿಸಲು ಕೆಲವು ಕಂಪನಿಗಳು 12ರ ರಿಸೀವರ್‌ಗೇ (ನಳಿಕೆ ಕೂರುವ, ಗನ್‌ನ ನಡುವಿನ ಲೋಹದ ಭಾಗ) 16ರ ನಳಿಕೆ ಕೂರಿಸಿದವು. ಆಗ ಹಗುರವೂ ಹೋಯ್ತು! ಬೇಡಿಕೆ ಕಮ್ಮಿಯಾದ್ದರಿಂದ ತೋಟಾ ದುಬಾರಿ, ಮನೆಯಲ್ಲೇ ತುಂಬಿಕೊಳ್ಳುವವರಿಗೆ ವ್ಯಾಡ್ (ಮದ್ದು ಮತ್ತು ಚರೆಯ ನಡುವೆ ಇಡುವ ಬಿರಡೆ) ಹುಡುಕುವುದೇ ಕೆಲಸ.

ಹಾಗಂತ ಸತ್ತಿಲ್ಲ. ಗನ್ ಕಂಪನಿ ಬ್ರೌನಿಂಗ್ 2016ರಲ್ಲಿ ತನ್ನ ಹಳೆಯ 16 ಗೇಜ್ ಗನ್‌ನ 'ಸ್ವೀಟ್ ಸಿಕ್ಸ್‌ಟೀನ್' ಹೆಸರನ್ನು ಮತ್ತೆ ತಂದಿತು. ಜರ್ಮನಿ, ಫ್ರಾನ್ಸ್‌ನ ಹಳೆಯ ಬೇಟೆ ಗನ್‌ಗಳಲ್ಲೂ 16 ಧಾರಾಳ.

ಅಂಥ ಹಳೆಯ ಗನ್ ಕೈಗೆ ಸಿಕ್ಕರೆ ಮೊದಲು ಚೇಂಬರ್ (ನಳಿಕೆಯಲ್ಲಿ ತೋಟಾ ಕೂರುವ ಭಾಗ) ಎಷ್ಟು ಉದ್ದ ಅಂತ ಅಳೆಸಿ. ಎಷ್ಟೋ ಗನ್‌ಗಳಲ್ಲಿ ಅದು 65 ಮಿ.ಮೀ., ಈಗಿನ ತೋಟಾ 70. ತೋಟಾದ ಬಾಯಿ ಮಡಚಿರುವುದರಿಂದ ಅದು ಒಳಗೇನೋ ಸಲೀಸಾಗಿ ಹೋಗಿಬಿಡುತ್ತದೆ. ಹಾರಿಸಿದಾಗ ಆ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಗನ್‌ಸ್ಮಿತ್ ಒಪ್ಪುವ ತನಕ ಸುಮ್ನೆ ಗೋಡೆಗೆ ನೇತುಹಾಕಿ.