ಸಂಪಾದಕರ ಉತ್ತರ: ಆನ್‌ಲೈನ್ ಪದವಿ ಮತ್ತು ಕಾಲೇಜಿನ ಒಡನಾಟ

ಮಾನ್ಯರೇ,

ಪದವಿ ಶಿಕ್ಷಣ ಆನ್‌ಲೈನ್ ಆದಂತೆಲ್ಲ ಬೇರೆ ಜಾತಿ, ಬೇರೆ ಊರಿನವರೊಡನೆ ಒಂದೇ ಬೆಂಚಿನಲ್ಲಿ ಕುಳಿತು ಬೆಳೆಯುವ ಅವಕಾಶ ಯುವಜನರಿಗೆ ತಪ್ಪುತ್ತದೆ, ಆದ್ದರಿಂದ ಸರ್ಕಾರ ಇಂಥ ಪದವಿಗಳನ್ನು ಪ್ರೋತ್ಸಾಹಿಸಬಾರದು ಎಂದು ತಾವು ಬರೆದಿದ್ದೀರಿ. ಬಹುಕಾಲ ಪಾಠ ಹೇಳಿ ನಿವೃತ್ತರಾದ ಅಧ್ಯಾಪಕರ ಈ ಆತಂಕವನ್ನು ನಾವು ಗೌರವಿಸುತ್ತೇವೆ. ತೀರ್ಮಾನವನ್ನು ಮಾತ್ರ ಒಪ್ಪಲಾರೆವು.

ಆ ಬೆಂಚು ಎಲ್ಲರಿಗೂ ಸಿಕ್ಕಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಆರಂಭಿಸಿದ ಅಂಚೆ ತೆರಪಿನ ಶಿಕ್ಷಣವೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಕೆಲಸ ಬಿಡಲಾಗದ ಗುಮಾಸ್ತರು, ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಕ್ಕಳು ಪದವೀಧರರಾಗಲು ಇಂಥ ದಾರಿಯೇ ಬೇಕಿತ್ತು. ಅಂಥವರು ಆನ್‌ಲೈನ್ ಪದವಿಯನ್ನು ತೂಗಿ ನೋಡುವುದು ಕಾಲೇಜಿನೊಡನೆ ಅಲ್ಲ, ಓದೇ ಇಲ್ಲದ ಬದುಕಿನೊಡನೆ.

ತಮ್ಮ ಆತಂಕ ನಿಜವಾಗುವುದು ಆಗತಾನೇ ಪಿಯುಸಿ ಮುಗಿಸಿದವರ ವಿಷಯದಲ್ಲಿ. ಮಾನ್ಯತೆ ಪಡೆದ ಆನ್‌ಲೈನ್ ಪದವಿಯೂ ತರಗತಿಯ ಪದವಿಗೆ ಸಮಾನ ಎಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ (ಯುಜಿಸಿ) 2022ರಲ್ಲಿ ಸ್ಪಷ್ಟಪಡಿಸಿತು. ಉದ್ಯೋಗಕ್ಕೆ ಅರ್ಜಿ ಹಾಕುವವರಿಗೆ ಇದರಿಂದ ನ್ಯಾಯ ಸಿಕ್ಕಿತು. ಮಗನನ್ನು ಧಾರವಾಡಕ್ಕೋ ಮಂಗಳೂರಿಗೋ ಕಳುಹಿಸಿ, ಮಗಳಿಗೆ ಮೊಬೈಲಿನ ಪಾಠವೇ ಸಾಕೆನ್ನುವ ಹೆತ್ತವರಿಗೆ ಇದೇ ನೆಪವೂ ಆಗಬಲ್ಲದು. ಆ ಹುಡುಗಿ ಪದವಿ ಪಡೆದಾಳು. ಆದರೆ ಹಾಸ್ಟೆಲಿನ ಊಟ ಸರಿಯಿಲ್ಲವೆಂದು ವಾರ್ಡನ್‌ರನ್ನು ಕೇಳುವುದು, ಬಸ್ಸು ಹೊತ್ತಿಗೆ ಬರುತ್ತಿಲ್ಲವೆಂದು ಗೆಳತಿಯರೊಡನೆ ಡಿಪೊಗೆ ಹೋಗಿ ಮನವಿ ಕೊಡುವುದು, ತನ್ನ ಮನೆಯಲ್ಲಿ ಯಾರೂ ಒಪ್ಪದ ಅಭಿಪ್ರಾಯವನ್ನು ಸಹಪಾಠಿಯ ಬಾಯಿಂದ ಕೇಳಿ ಸಿಟ್ಟಾಗದೆ ಉತ್ತರಿಸುವುದು, ಇವನ್ನೆಲ್ಲ ಎಲ್ಲಿ ಕಲಿಯಬೇಕು? ಮುಂದೆ ಗ್ರಾಮಸಭೆಯಲ್ಲಿ ಎದ್ದುನಿಂತು ಮಾತನಾಡಲು ಬೇಕಾದದ್ದು ಈ ಅಭ್ಯಾಸವೇ.

ಆದ್ದರಿಂದ ನಾವು ಕೇಳಬೇಕಾದದ್ದು ಆನ್‌ಲೈನ್ ಪದವಿಯಲ್ಲೂ ಜನ ಒಂದೆಡೆ ಸೇರುವ ಏರ್ಪಾಡನ್ನು. ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಪದವಿಯ ಪಾಠಗಳು ಆನ್‌ಲೈನಿನಲ್ಲಿದ್ದರೂ ಅದರ ಪರೀಕ್ಷೆಗೆ ವಿದ್ಯಾರ್ಥಿಗಳು ಕೇಂದ್ರಕ್ಕೇ ಬರಬೇಕು. ಪರೀಕ್ಷೆಗೆ ಕರೆಸಬಹುದಾದರೆ ಚರ್ಚೆಗೂ ಕರೆಸಬಹುದು. ವರ್ಷಕ್ಕೆ 120 ಗಂಟೆಗಳ ಸೇವೆ ಮತ್ತು ಏಳು ದಿನಗಳ ಶಿಬಿರವುಳ್ಳ ರಾಷ್ಟ್ರೀಯ ಸೇವಾ ಯೋಜನೆಯನ್ನು, ಎಳೆಯ ವಯಸ್ಸಿನ ಆನ್‌ಲೈನ್ ವಿದ್ಯಾರ್ಥಿಗಳ ಮಟ್ಟಿಗಾದರೂ, ಪದವಿಯ ಭಾಗವಾಗಿಸಬಹುದು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ತಮ್ಮಂಥ ಹಿರಿಯ ಅಧ್ಯಾಪಕರು ವಾರಕ್ಕೊಂದು ಸಂಜೆ ಅಲ್ಲಿ ಕುಳಿತು ಸುತ್ತಲ ಹಳ್ಳಿಗಳ ವಿದ್ಯಾರ್ಥಿಗಳನ್ನು ಕರೆದರೆ, ಸರ್ಕಾರದ ಆದೇಶಕ್ಕೆ ಕಾಯದೆ ಕೆಲಸ ಶುರುವಾಗುತ್ತದೆ.

– ಸಂಪಾದಕ