ಕಲ್ಲಿನ ಮೇಲೆ ಬರೆದದ್ದೆಲ್ಲ ಸಾಕ್ಷಿಯಾ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಐಹೊಳೆಯ ಮೇಗುತಿ ಗುಡಿಯ ಶಾಸನದಲ್ಲಿ ಭಾರತ ಯುದ್ಧ ಆಗಿ 3735 ವರ್ಷ ಕಳೆದಿವೆ ಅಂತ ಸ್ಪಷ್ಟವಾಗಿ ಕೆತ್ತಿದ್ದಾರೆ. ಪುಲಕೇಶಿ ಹರ್ಷನನ್ನು ಸೋಲಿಸಿದ್ದಕ್ಕೆ ಇದೇ ಶಾಸನ ಸಾಕ್ಷಿ ಅಂತ ಶಾಲೆಯಲ್ಲಿ ಕಲಿಸ್ತಾರೆ. ಮಹಾಭಾರತದ ಮಾತು ಬಂದಾಗ ಮಾತ್ರ ಒಪ್ಪೋದಿಲ್ಲ. ಬೇಕಾದ್ದನ್ನಷ್ಟೇ ಆರಿಸಿಕೊಳ್ಳೋದು ನ್ಯಾಯನಾ?
– ಓದುಗರು, ಹುನಗುಂದ

ಉತ್ತರ: ಶಾಸನವನ್ನು ನೀವು ಸರಿಯಾಗಿಯೇ ಓದಿದ್ದೀರಿ. ಗುಡಿಯ ಪೂರ್ವದ ಗೋಡೆಯಲ್ಲಿ ಆ ಲೆಕ್ಕ ಇದೆ. ಅದರ ಜೊತೆಗೇ ಶಕ ವರ್ಷ 556 ಅಂತಲೂ ಇದೆ, ಅಂದರೆ ಕ್ರಿ.ಶ. 634. ಬರೆದವನು ರವಿಕೀರ್ತಿ. ಕಟ್ಟಿಸಿದ್ದು ಜಿನಾಲಯ, ಆದರೂ ಅವನು ಕಾಲ ಎಣಿಸಿದ್ದು ಭಾರತ ಯುದ್ಧದಿಂದ. ಆ ಕಥೆ ಆಗಲೇ ಈ ನಾಡಿನ ಎಲ್ಲರ ಮನಸ್ಸಿನಲ್ಲಿ ಎಷ್ಟು ಬೇರು ಬಿಟ್ಟಿತ್ತು ಅನ್ನೋದು ಇದರಿಂದಲೇ ಗೊತ್ತಾಗುತ್ತೆ, ನನಗೆ ಅದು ಬಹಳ ದೊಡ್ಡ ವಿಷಯ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಹರ್ಷನ ಸೋಲು ರವಿಕೀರ್ತಿಯ ಕಾಲದ್ದೇ ಸುದ್ದಿ. ಪುಲಕೇಶಿಯ ಆಶ್ರಯದಲ್ಲೇ ಇದ್ದವನು ಅವನು. ಹಾಗಂತ ಅವನೊಬ್ಬನ ಮಾತಿನ ಮೇಲೆ ಯಾರೂ ನಿಂತಿಲ್ಲ, ಯಾಕಂದ್ರೆ ಆಸ್ಥಾನ ಕವಿ ತನ್ನ ರಾಜನನ್ನು ಹೊಗಳೋದು ಸಹಜ. ಕೆಲವೇ ವರ್ಷಗಳ ನಂತರ ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಈ ಸೀಮೆಗೆ ಬಂದ. ಇಲ್ಲಿನ ರಾಜ ಮಾತ್ರ ಹರ್ಷನಿಗೆ ತಲೆಬಾಗಿಲ್ಲ ಅಂತ ಬರೆದ. ಅವನಿಗೆ ಹರ್ಷನ ಕಡೆಯಿಂದ ಸಿಕ್ಕ ಮರ್ಯಾದೆ ಕಡಿಮೆಯೇನಲ್ಲ, ಪುಲಕೇಶಿಯನ್ನು ಎತ್ತಿ ಹೇಳೋ ಹಂಗೂ ಅವನಿಗಿರಲಿಲ್ಲ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು ಒಂದೇ ಮಾತು ಹೇಳಿದಾಗ ಅದಕ್ಕೆ ತೂಕ ಬರುತ್ತೆ.

ಭಾರತ ಯುದ್ಧದ ವಿಷಯ ಹಾಗಲ್ಲ. ನಮಗೂ ರವಿಕೀರ್ತಿಗೂ ನಡುವೆ 1400 ವರ್ಷವೂ ಪೂರ್ತಿ ಆಗಿಲ್ಲ. ಅವನಿಗೂ ಅವನು ಹೇಳುವ ಯುದ್ಧಕ್ಕೂ ನಡುವೆ 3735 ವರ್ಷ! ಅವನು ಕಂಡದ್ದನ್ನು ಬರೆಯಲಿಲ್ಲ, ಅವನ ಕಾಲದ ಪಂಡಿತರು ಒಪ್ಪಿಕೊಂಡಿದ್ದ ಲೆಕ್ಕವನ್ನು ಬರೆದ. ಆ ಲೆಕ್ಕ ಕ್ರಿ.ಪೂ. 3102ಕ್ಕೆ ಹೋಗಿ ನಿಲ್ಲುತ್ತೆ. ಅದೇ ಕಲಿಯುಗದ ಆರಂಭ ಅಂತ ನಮ್ಮ ಜ್ಯೋತಿಷಿಗಳು ಇಟ್ಟುಕೊಂಡ ವರ್ಷ. ಆರ್ಯಭಟ ಕೂಡ ಅದನ್ನೇ ಬಳಸಿದ: ಕಲಿಯ 3600 ವರ್ಷ ಮುಗಿದಾಗ ತನಗೆ 23 ವರ್ಷ ಅಂತ ಹೇಳಿಕೊಂಡಿದ್ದಾನೆ, ಅದು ಕ್ರಿ.ಶ. 499. ಗ್ರಹಗಳೆಲ್ಲ ಒಂದೆಡೆ ಸೇರಿದ್ದ ಕಾಲ ಯಾವುದಿರಬಹುದು ಅಂತ ಹಿಂದಕ್ಕೆ ಗುಣಿಸುತ್ತಾ ಹೋಗಿ ಹಿಡಿದ ಬಿಂದು ಇದು ಅನ್ನೋದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಇನ್ನೊಂದು ಮಾತು. ಈ ವರ್ಷವನ್ನು ಹಳೆಯ ಕಾಲದವರೇ ಎಲ್ಲರೂ ಒಪ್ಪಿರಲಿಲ್ಲ. ಕಲಿಯುಗ ಶುರುವಾಗಿ 653 ವರ್ಷ ಆದ ಮೇಲೆ ಪಾಂಡವರು ಇದ್ದರು ಅಂತ 12ನೇ ಶತಮಾನದಲ್ಲಿ ಕಾಶ್ಮೀರದ ಕಲ್ಹಣ ಬರೆದ. ಅವನಿಗಿಂತ ಎಷ್ಟೋ ಮೊದಲು ವರಾಹಮಿಹಿರ ಕೊಟ್ಟ ಲೆಕ್ಕವೂ ಸುಮಾರು ಅಲ್ಲಿಗೇ ಬರುತ್ತೆ. ಇವರ್ಯಾರೂ ನಂಬಿಕೆ ಇಲ್ಲದವರಲ್ಲ. ಹಾಗಾಗಿ ಇವತ್ತು ಒಬ್ಬ ಇತಿಹಾಸದ ಮೇಷ್ಟ್ರು ಅದೇ ಪ್ರಶ್ನೆ ಕೇಳಿದರೆ ಅವರನ್ನು ಧರ್ಮದ್ವೇಷಿ ಅನ್ನೋದು ಅನ್ಯಾಯ, ಇದನ್ನು ನಾನು ಖಡಾಖಂಡಿತವಾಗಿ ಹೇಳ್ತೀನಿ.

ಅಂದಹಾಗೆ ಅದೇ ಶಾಸನದಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಗೆ ಹೋಲಿಸಿಕೊಂಡಿದ್ದಾನೆ. ಅವರಿಬ್ಬರೂ 634ಕ್ಕಿಂತ ಮೊದಲಿನವರು ಅನ್ನೋದಕ್ಕೆ ಇಷ್ಟು ಗಟ್ಟಿ ಆಧಾರ ಇನ್ನೊಂದು ಸಿಗೋದು ಕಷ್ಟ.

ಪ್ರಶ್ನೆ: ಕಾರ್ಬನ್ ಪರೀಕ್ಷೆ ಮಾಡಿದರೆ ಗುಡಿ ಯಾವ ಕಾಲದ್ದು ಅಂತ ತಿಳಿಯುತ್ತಲ್ವಾ? ಸುಮ್ನೆ ಯಾಕೆ ಜಗಳ?
– ಓದುಗರು, ವಿಜಯಪುರ

ಉತ್ತರ: ಕಲ್ಲಿಗೆ ಆ ಪರೀಕ್ಷೆ ನಡೆಯೋದಿಲ್ಲ. ಒಂದು ಕಾಲಕ್ಕೆ ಜೀವ ಇದ್ದ ವಸ್ತು ಬೇಕು: ಕಟ್ಟಿಗೆ, ಇದ್ದಿಲು, ಎಲುಬು, ಕಾಳು. ಜೀವ ಹೋದ ಮೇಲೆ ಅದರೊಳಗಿನ ಕಾರ್ಬನ್-14 ಸುಮಾರು 5730 ವರ್ಷಕ್ಕೆ ಅರ್ಧ ಆಗುತ್ತೆ, ಎಷ್ಟು ಉಳಿದಿದೆ ನೋಡಿ ವಯಸ್ಸು ಹೇಳ್ತಾರೆ. ಕಲ್ಲಿನ ವಯಸ್ಸು ಬೇರೆ ರೀತಿಯಲ್ಲಿ ತಿಳಿದರೂ ಉಪಯೋಗ ಇಲ್ಲ. ಬಾದಾಮಿಯ ಬಂಡೆ ಕೋಟ್ಯಂತರ ವರ್ಷ ಹಳೆಯದು, ಉಳಿ ಹಾಕಿದ್ದು ಯಾವಾಗ ಅನ್ನೋದನ್ನು ಅದು ಹೇಳಲ್ಲ. ಅದಕ್ಕೇ ಶಾಸನ ಮುಖ್ಯ. ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ತನ್ನ ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಬರೆಸಿದ ಶಕ 500ರ ಬರಹ ಇದೆ, ಅಂದರೆ 578. ಅಕ್ಕಪಕ್ಕದ ಗುಹೆಗಳ ಕಂಬ, ಮೂರ್ತಿಗಳನ್ನು ಅದಕ್ಕೆ ಹೋಲಿಸಿ ಕಾಲ ಗುರುತಿಸ್ತಾರೆ.

ಪ್ರಶ್ನೆ: ಪರಶುರಾಮ ಕೊಡಲಿ ತೊಳೆದಿದ್ದಕ್ಕೆ ಐಹೊಳೆಯ ಮಣ್ಣು ಕೆಂಪಾಯ್ತು ಅಂತ ನಮ್ಮತ್ತೆ ಹೇಳ್ತಾರೆ. ಕಬ್ಬಿಣದ ಅಂಶದಿಂದ ಅಂತ ಶಾಲೆಯ ಟೀಚರ್ ಹೇಳಿದ್ದಾರೆ. ದೇವರಿಗೆ ಅವಮಾನ ಮಾಡಿದ್ದಾರೆ, ಹೆಡ್‌ಮಾಸ್ತರ್‌ಗೆ ದೂರು ಕೊಡೋಣ ಅಂತಿದ್ದಾರೆ ನಮ್ಮ ಮಾವ.
– ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ದೂರು ಬೇಡಮ್ಮ. ಟೀಚರ್ ಹೇಳಿದ್ದು ಸರಿ. ಮರಳುಗಲ್ಲಿನ ಕಣಗಳ ಸುತ್ತ ಕಬ್ಬಿಣದ ಆಕ್ಸೈಡ್ ಕೂತಿರುತ್ತೆ, ತಗಡಿಗೆ ಹಿಡಿಯುವ ತುಕ್ಕಿನ ಬಣ್ಣವೂ ಅದರಿಂದಲೇ. ಮಲಪ್ರಭೆಯ ದಂಡೆ ಮಾತ್ರ ಕೆಂಪಾಗಿಲ್ಲ, ಹೊಳೆಯ ನೀರು ಎಂದೂ ಮುಟ್ಟದ ಬಾದಾಮಿಯ ಗುಡ್ಡದ ತುದಿಯೂ ಕೆಂಪೇ. ಮಾವನವರಿಗೆ ರಸ್ತೆ ಬದಿಯ ಒಂದು ಕೆಂಪು ಕಲ್ಲು ಒಡೆದು ತೋರಿಸಿ, ಗುಡಿಯ ಕಲ್ಲನ್ನಂತೂ ಮುಟ್ಟಬೇಡಿ. ಒಳಗೂ ಕೆಂಪೇ ಇರುತ್ತೆ.

ಅತ್ತೆಯವರ ಕಥೆಯನ್ನು ಯಾರೂ ಕಿತ್ತುಕೊಂಡಿಲ್ಲ. ಮಗುವಿಗೆ ಅವರು ಹೇಳಲಿ, ಚೆನ್ನಾಗಿ ಹೇಳಲಿ. ತಾಯಿಯ ತಲೆ ಕಡಿದ ಮಗ, ಮತ್ತೆ ಆಕೆಯ ಜೀವವನ್ನೇ ವರವಾಗಿ ಬೇಡಿದ ಮಗ. ಅವನ ದುಃಖ ಮಗುವಿಗೆ ಮುಟ್ಟೋದು ಕಥೆಯಿಂದ, ಮಣ್ಣಿನ ಬಣ್ಣದಿಂದಲ್ಲ. ಪರೀಕ್ಷೆಯಲ್ಲಿ ಮಾತ್ರ ಮಗು ಕಬ್ಬಿಣ ಅಂತಲೇ ಬರೆಯಲಿ.